ಊರಿಗೆಲ್ಲ ಒಂದೇ ಇಮೇಲು

ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ನಮ್ಮ ಮನೆಯ ಮುಂದಿನ ಕೋಣೆಗೆ ರಸ್ತೆ ಕಡೆಯಿಂದ ಶಟರ್ ಹಾಕಿಸಿ, ನಾನು ಅರ್ಜಿ ತುಂಬಿಕೊಡುವ ಅಂಗಡಿ ತೆರೆದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮೆಷಿನ್, ಬಂದವರು ಕೂರಲು ಒಂದು ಬೆಂಚು. ಅದಕ್ಕೂ ಮೊದಲು ಆರು ತಿಂಗಳು ದಿನಾ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ಕಂಪ್ಯೂಟರ್ ಕಲಿತಿದ್ದೆ. ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ಪು, ಡ್ರೈವಿಂಗ್ ಲೈಸೆನ್ಸು, ಕೆಲಸದ ಅರ್ಜಿ, ಏನೇ ಇರಲಿ, ಜನ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನನ್ನ ಹತ್ತಿರ ಬರುತ್ತಿದ್ದರು.

ಪ್ರತಿ ಅರ್ಜಿಯಲ್ಲೂ ಒಂದು ಕಡೆ ಕೆಂಪು ಚುಕ್ಕಿ ಹಾಕಿ ಇಮೇಲ್ ವಿಳಾಸ ಕೇಳುತ್ತಿತ್ತು. ಅದನ್ನು ತುಂಬದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

“ಇಮೇಲ್ ಐತೇನ್ರಿ?” ಎಂದು ನಾನು ಕೇಳುವುದು, “ಅದೆಲ್ಲ ನಮಗ್ಯಾಕ್ರಿ ಮೇಡಂ, ನಿಮ್ದೇ ಹಾಕಿಬಿಡ್ರಿ” ಎಂದು ಅವರು ಹೇಳುವುದು.

ನಾನು ನನ್ನದನ್ನೇ ಹಾಕಿಬಿಡುತ್ತಿದ್ದೆ. ಇದರಲ್ಲಿ ತಪ್ಪಿದೆ ಅಂತ ನನಗೆ ಆಗ ಅನ್ನಿಸಲೇ ಇಲ್ಲ. ನನ್ನ ತವರು ಜಗಳೂರು ಕಡೆಯ ಸೊಕ್ಕೆ. ಅಲ್ಲಿ ನಾನು ಚಿಕ್ಕವಳಿದ್ದಾಗ ಹೊಲದ ಮನೆಗಳವರ ಕಾಗದಗಳೆಲ್ಲ ಊರೊಳಗಿನ ಕಿರಾಣಿ ಅಂಗಡಿಯ ವಿಳಾಸಕ್ಕೇ ಬರುತ್ತಿದ್ದವು. ಉಪ್ಪು, ಸೋಪು ತರಲು ಹೋದವರು ಕಾಗದವನ್ನೂ ಕೇಳಿ ತರುತ್ತಿದ್ದರು. ನನ್ನ ಅಂಗಡಿಯೂ ಹಾಗೇ ಆಯಿತು ಅಂದುಕೊಂಡೆ. ಒಂದೆರಡು ವರ್ಷದಲ್ಲಿ ಗೋವಿನಕೋವಿ, ಸುರಹೊನ್ನೆ ಕಡೆಯ ಅದೆಷ್ಟೋ ಮನೆಗಳ ಇಮೇಲು ನನ್ನ ಒಂದೇ ಇನ್‌ಬಾಕ್ಸಿಗೆ ಬಂದು ಬೀಳತೊಡಗಿತು.

ಅಸಲಿ ಕಾಗದಗಳ ಜೊತೆ ನಕಲಿಗಳೂ ಬಂದವು. ನಿಮ್ಮ ಖಾತೆ ಇವತ್ತೇ ಬಂದ್ ಆಗುತ್ತೆ, ನಿಮ್ಮ ಪಾರ್ಸಲ್ ಕಸ್ಟಮ್ಸಿನವರು ಹಿಡಿದಿದ್ದಾರೆ, ನಿಮಗೆ ಬಹುಮಾನವಾಗಿ ಕಾರು ಬಂದಿದೆ. ಬೇರೆಯವರಾದರೆ ಅಳಿಸಿ ಕೆಲಸ ನೋಡುತ್ತಿದ್ದರೇನೋ. ನನಗೆ ಮೊದಲಿಂದಲೂ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ. ಇದನ್ನು ಬರೆಯುವವರು ಯಾರು? ಎಲ್ಲಿ ಕೂತು ಬರೆಯುತ್ತಾರೆ? ಅವರಿಗೂ ನನ್ನ ಹಾಗೆ ಅಂಗಡಿ ಇದೆಯೇ, ಬೆಳಿಗ್ಗೆ ಕಸ ಗುಡಿಸಿ ಊದುಬತ್ತಿ ಹಚ್ಚಿ ಸುಳ್ಳು ಬರೆಯಲು ಕೂರುತ್ತಾರೆಯೇ? ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಒಂದೊಂದನ್ನೇ ತೆರೆದು ಪೂರ್ತಿ ಓದುತ್ತಿದ್ದೆ.

ಓದುತ್ತ ಓದುತ್ತ ಅವುಗಳ ಚಾಳಿ ಗೊತ್ತಾಯಿತು. ಮೇಲೆ ದಪ್ಪಕ್ಷರದಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಅದರ ಕೆಳಗೆ ಸಣ್ಣದಾಗಿ ಇರುವ ಅಸಲು ವಿಳಾಸ ನೋಡಿದರೆ ಬ್ಯಾಂಕಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಇಲ್ಲಿ ಒತ್ತಿ ಎಂಬ ನೀಲಿ ಅಕ್ಷರದ ಮೇಲೆ ಮೌಸ್ ಇಟ್ಟು ಒತ್ತದೆ ಸುಮ್ಮನಿದ್ದರೆ, ಅದು ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎನ್ನುವುದು ಪರದೆಯ ಕೆಳತುದಿಯಲ್ಲಿ ಮೂಡುತ್ತದೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅವರ ಜೇಬಿಗೇ ಕೈ ಹಾಕಿ ನೋಡಿದ ಹಾಗಾಗಿತ್ತು. ಇನ್ನು ಅವಸರವಂತೂ ಎಲ್ಲದರಲ್ಲೂ ಇರುತ್ತಿತ್ತು. ಇವತ್ತೇ, ಈಗಲೇ, ನಾಲ್ಕು ಗಂಟೆಯೊಳಗೆ. ನಮಗೆ ಯೋಚನೆ ಮಾಡಲು ಬಿಟ್ಟರೆ ಅವರ ಕೆಲಸ ಕೆಡುತ್ತದಲ್ಲ.

ನನ್ನ ಅತ್ತೆಗೆ, ಅಂದರೆ ನನ್ನ ಗಂಡನ ತಾಯಿಗೆ, ಈ ಮೇಲ್‌ಗಳೆಂದರೆ ನನಗಿಂತ ಹೆಚ್ಚು ಕುತೂಹಲ. ಅವರು ಹಗಲೆಲ್ಲ ಅಂಗಡಿಯ ಬೆಂಚಿನ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಬಂದವರನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ. ಯಾವೂರು, ಯಾರ ಪೈಕಿ, ಯಾರ ಮನೆ ಪಕ್ಕ. ಇಷ್ಟು ಗೊತ್ತಾಗದೆ ಅವರು ಯಾರಿಗೂ ಒಂದು ಲೋಟ ನೀರು ಕೊಟ್ಟವರಲ್ಲ. ನಾನು ಮೇಲ್ ಓದಿ ಹೇಳಿದರೆ ಅದಕ್ಕೂ ಅದೇ ವಿಚಾರಣೆ.

ಒಮ್ಮೆ ಯಾವುದೋ ದೇಶದ ವಿಧವೆಯೊಬ್ಬಳ ಹೆಸರಿನಲ್ಲಿ ಒಂದು ಮೇಲ್ ಬಂತು. ಗಂಡ ತೀರಿಕೊಂಡ, ತನಗೂ ಕಾಯಿಲೆ, ಕೋಟಿಗಟ್ಟಲೆ ಆಸ್ತಿಯಿದೆ, ದೇವರಿಗೆ ಹೆದರಿ ನಡೆಯುವ ನಿಮ್ಮಂಥವರಿಗೆ ಕೊಟ್ಟು ಹೋಗುತ್ತೇನೆ ಎಂದಿತ್ತು.

“ಪಾಪ, ಮಕ್ಳಿಲ್ವಂತಾ?” ಅಂದರು ಅತ್ತೆ.

“ಇಲ್ವಂತೆ ಅತ್ತೆ.”

“ಮೈದುನರು?”

“ಯಾರೂ ಇಲ್ಲ ಅಂತ ಬರ್ದಾಳೆ.”

ಅತ್ತೆ ಕೈಯಲ್ಲಿದ್ದ ಅವರೆಕಾಯಿ ಮೊರಕ್ಕೆ ಹಾಕಿದರು. “ಅಷ್ಟೊಂದು ಆಸ್ತಿ ಇಟ್ಕಂಡು ದಾಯಾದಿಗಳು ಇಲ್ಲ ಅಂದ್ರೆ ಯಾರು ನಂಬ್ತಾರೆ? ಸುಳ್ಳು ಹೇಳಾಕೂ ಬರಲ್ಲ ಇವ್ಳಿಗೆ. ಒಂದು ಕೆಲ್ಸ ಮಾಡು, ಬರೆ ಅವ್ಳಿಗೆ. ನಿಮ್ದು ಯಾವೂರು, ಯಾರ ಪೈಕಿ, ನಿಮ್ಮ ಕಡೆ ಮಳೆ ಹೆಂಗೈತೆ ಅಂತ ಕೇಳು.”

ನಾನು ಬರೆದೆ. ನಗುತ್ತ ನಗುತ್ತ, ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಬರೆದು ಕಳಿಸಿದೆ. ಸಂಜೆಯೊಳಗೆ ಉತ್ತರ ಬಂತು. ಪ್ರೀತಿಯ ಸಹೋದರಿ, ನಿಮ್ಮ ಆಧಾರ್ ಕಾರ್ಡಿನ ಪ್ರತಿಯನ್ನೂ ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟವನ್ನೂ ಬೇಗ ಕಳಿಸಿ ಎಂದಿತ್ತು.

“ಕೇಳಿದ್ದು ಒಂದಕ್ಕಾದ್ರೂ ಉತ್ತರ ಕೊಟ್ಟಾಳಾ?” ಅಂದರು ಅತ್ತೆ. “ಹೆಂಗಸಲ್ಲ ಬಿಡು ಅದು, ಯಾವನೋ ಗಡವ. ಮಳೆ ವಿಚಾರ ಕೇಳಿದ್ರೆ ಸುಮ್ನೆ ಇರೋ ಹೆಂಗಸು ಯಾವ ದೇಶದಾಗೂ ಇರಲ್ಲ.”

ಅವತ್ತು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ಅದಾದ ವಾರದೊಳಗೆ ನನ್ನ ಇನ್‌ಬಾಕ್ಸು ನಕಲಿ ಮೇಲ್‌ಗಳಿಂದ ತುಂಬಿ ತುಳುಕತೊಡಗಿತು. ಮೊದಲು ದಿನಕ್ಕೆ ಎರಡೋ ಮೂರೋ ಬರುತ್ತಿದ್ದವು, ಈಗ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಪುಟಗಟ್ಟಲೆ ಕಾಯುತ್ತಿದ್ದವು. ಯಾಕೆಂದು ತಿಳಿಯಲು ತುಂಬ ದಿನ ಬೇಕಾಯಿತು. ಉತ್ತರ ಕೊಟ್ಟರೆ, ಈ ವಿಳಾಸದಲ್ಲಿ ಕೂತು ಓದುವ ಮನುಷ್ಯರಿದ್ದಾರೆ ಎಂದು ಆ ಕಡೆಯವರಿಗೆ ಖಾತ್ರಿಯಾಗುತ್ತದೆ. ಅವರು ಆ ವಿಳಾಸವನ್ನು ಮತ್ತೊಬ್ಬರಿಗೆ ದಾಟಿಸುತ್ತಾರೆ. ತಮಾಷೆಗೆ ಒಂದು ಮಾತು ಕೇಳಲು ಹೋಗಿ ನಾನೇ ಬಾಗಿಲು ತೆಗೆದು ಕರೆದಂತಾಗಿತ್ತು.

ಆ ದಿನಗಳಲ್ಲೇ ಗೋವಿನಕೋವಿಯ ಹುಡುಗಿಯೊಬ್ಬಳು ಅಂಗಡಿಗೆ ಬರತೊಡಗಿದಳು. ನರ್ಸಿಂಗ್ ಮುಗಿಸಿ ಹೊನ್ನಾಳಿಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಅವಳಿಗೆ ಇಂಜೆಕ್ಷನ್ ಮುಟ್ಟಲು ಬಿಡುತ್ತಿರಲಿಲ್ಲ, ಬಂದವರಿಗೆ ನಂಬರಿನ ಚೀಟಿ ಹರಿದು ಕೊಡುವುದಷ್ಟೇ ಕೆಲಸ. ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದರ ನರ್ಸ್ ಕೆಲಸಕ್ಕೆ ನನ್ನ ಹತ್ತಿರವೇ ಅರ್ಜಿ ಹಾಕಿಸಿದಳು. ಇಮೇಲ್ ಜಾಗದಲ್ಲಿ ನನ್ನದನ್ನೇ ತುಂಬಿದೆ. ಇಂಟರ್‌ವ್ಯೂ ಕೂಡ ಚೆನ್ನಾಗಿ ಆಗಿತ್ತು. ಆಯ್ಕೆಯಾದರೆ ಮೇಲ್ ಮಾಡುತ್ತೇವೆ ಎಂದು ಹೇಳಿ ಕಳಿಸಿದ್ದರು.

“ಆಗ ತಾನೆ ಹುಟ್ಟಿದ ಕೂಸುಗಳ ವಾರ್ಡು ಅಕ್ಕ. ಅದನ್ನೇ ಕೇಳಿದೀನಿ. ಕೊಡ್ತೀವಿ ಅಂದಾರೆ,” ಎಂದು ಹೇಳುವಾಗ ಅವಳು ಎರಡು ಅಂಗೈಗಳನ್ನೂ ಹತ್ತಿರ ತಂದು, ಅಷ್ಟು ಚಿಕ್ಕ ಕೂಸನ್ನು ಎತ್ತಿಕೊಂಡವಳಂತೆ ಹಿಡಿದಿದ್ದಳು. ಆಮೇಲೆ ನಾಚಿಕೊಂಡು ಕೈ ಬಿಟ್ಟಳು.

ವಾರಕ್ಕೊಮ್ಮೆ ಬಂದು, “ಮೇಲ್ ಬಂತಾ ಅಕ್ಕ?” ಎಂದು ಕೇಳಿ ಹೋಗುತ್ತಿದ್ದಳು.

ಒಂದು ದಿನ ಬಂತು. ದಪ್ಪಕ್ಷರದಲ್ಲಿ ಆಸ್ಪತ್ರೆಯ ಹೆಸರೇ ಇತ್ತು. ಅಭ್ಯರ್ಥಿಗಳೇ, ನೀವು ಆಯ್ಕೆಯಾಗಿದ್ದೀರಿ, ಇವತ್ತು ಸಂಜೆಯೊಳಗೆ ಇಲ್ಲಿ ಒತ್ತಿ, ಫೋನಿಗೆ ಬರುವ ಒಟಿಪಿ ತುಂಬಿ ಎಂದು ಬರೆದಿದ್ದರು. ಹುಡುಗಿ ಅದೇ ಹೊತ್ತಿಗೆ ಬೆಂಚಿನ ಮೇಲೆ ಕೂತಿದ್ದಳು. ಆಯ್ಕೆ ಎಂಬ ಮಾತು ಕಿವಿಗೆ ಬಿದ್ದಿದ್ದೇ ತಡ, ಎದ್ದು ನಿಂತು ಫೋನ್ ಕೈಗೆ ತೆಗೆದುಕೊಂಡಳು. ನನಗೆ ಒಟಿಪಿ ಎಂಬಲ್ಲಿ ಅನುಮಾನ ಬಂತು. ಕೆಲಸ ಕೊಡುವವರಿಗೆ ಒಟಿಪಿ ಯಾಕೆ ಬೇಕು? ಕೆಳಗಿನ ವಿಳಾಸ ನೋಡಿದೆ, ಮೌಸ್ ಇಟ್ಟು ಲಿಂಕ್ ನೋಡಿದೆ. ಎರಡೂ ಆಸ್ಪತ್ರೆಯವಲ್ಲ. ಇಷ್ಟಾದರೂ ನಾನು ಅಷ್ಟಕ್ಕೇ ಬಿಡಲಿಲ್ಲ. ಇಂಟರ್‌ವ್ಯೂ ದಿನ ಅವಳಿಗೆ ಕೊಟ್ಟಿದ್ದ ಚೀಟಿಯಲ್ಲಿ ಆಸ್ಪತ್ರೆಯ ಆಫೀಸಿನ ಫೋನ್ ನಂಬರಿತ್ತು. ಮೇಲ್‌ನಲ್ಲಿದ್ದ ನಂಬರು ಬಿಟ್ಟು ಆ ಚೀಟಿಯ ನಂಬರಿಗೆ ಫೋನ್ ಮಾಡಿದೆ. “ನಾವು ಯಾವ ಮೇಲೂ ಕಳ್ಸಿಲ್ಲ ಮೇಡಂ, ಏನೂ ಒತ್ತಬೇಡ್ರಿ,” ಅಂದರು ಆ ಕಡೆಯ ಹೆಣ್ಣುಮಗಳು.

ಹುಡುಗಿ ಫೋನನ್ನು ಚೀಲಕ್ಕೆ ಹಾಕಿ ಮತ್ತೆ ಬೆಂಚಿನ ಮೇಲೆ ಕೂತಳು. “ನೀವಿಲ್ದಿದ್ರೆ ನಾನು ಒತ್ತೇ ಬಿಡ್ತಿದ್ದೆ ಅಕ್ಕ,” ಅಂದಳು.

ನಾನು ಹಿಗ್ಗಿ ಹೀರೇಕಾಯಿಯಾದೆ. ಇದನ್ನು ಬಂದವರಿಗೆಲ್ಲ ಹೇಳಿದೆ, ಚನ್ನಗಿರಿಯಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿ ಹೇಳಿದೆ, ಕೇಳದವರಿಗೂ ನಿಲ್ಲಿಸಿ ಹೇಳಿದೆ. ಜನ ಫೋನ್ ಹಿಡಿದುಕೊಂಡು, “ಇದು ನಿಜಾನಾ ಸುಳ್ಳಾ ನೋಡ್ರಿ” ಎಂದು ಬರತೊಡಗಿದರು. ಮೊದಮೊದಲು ಕೂಲಂಕಷವಾಗಿ ನೋಡುತ್ತಿದ್ದೆ. ಆಮೇಲಾಮೇಲೆ ಕನ್ನಡಕ ಕೂಡ ಹಾಕಿಕೊಳ್ಳದೆ “ಸುಳ್ಳು” ಎಂದು ಫೋನು ವಾಪಸ್ ಕೊಡುತ್ತಿದ್ದೆ. ಅವರು ಬೆರಗಾಗಿ ನೋಡಿದರೆ ನನಗೆ ಮಹಾ ಸಂತೋಷ. ಒಂದು ಕಾಲಕ್ಕೆ ಪ್ರತಿಯೊಂದನ್ನೂ ಓದುವ ಕುತೂಹಲ ಇದ್ದವಳಿಗೆ ಈಗ ಒಂದನ್ನೂ ಓದುವ ಅಗತ್ಯ ಕಾಣುತ್ತಿರಲಿಲ್ಲ. ಎಲ್ಲ ಗೊತ್ತಿದೆ ಎನ್ನುವ ಗತ್ತು ಬಂದುಬಿಟ್ಟಿತ್ತು.

ಬೆಳಿಗ್ಗೆ ಬಂದ ಪುಟಗಟ್ಟಲೆ ಮೇಲ್‌ಗಳಲ್ಲಿ ಪರಿಚಯದ ಹೆಸರುಗಳನ್ನಷ್ಟೇ ಉಳಿಸಿಕೊಂಡು, ಮಿಕ್ಕಿದ್ದನ್ನು ಒಟ್ಟಿಗೆ ಗುರುತು ಹಾಕಿ ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳುತ್ತಿದ್ದೆ. ಎಡಗೈಯಲ್ಲಿ ಟೀ ಲೋಟ, ಬಲಗೈಯಲ್ಲಿ ಮೌಸ್. ಹಾಗೆ ತಳ್ಳುವಾಗ ಒಂದು ದಿನ ಆಸ್ಪತ್ರೆ ಎಂಬ ಮಾತು ಕಣ್ಣಿಗೆ ಬಿತ್ತು. ಕಳಿಸಿದವರ ಹೆಸರು ಯಾವುದೋ ಕಂಪನಿಯದು. ಕೊನೆಯ ದಿನಾಂಕ ಹಾಕಿದ್ದರು, ಒಂದು ಲಿಂಕ್ ಇತ್ತು. ಮತ್ತೆ ಬಂದ್ರಾ ಕಳ್ಳರು ಎಂದುಕೊಂಡು ಅದನ್ನೂ ತಳ್ಳಿದೆ. ಟೀ ಇನ್ನೂ ಬಿಸಿಯಾಗಿತ್ತು.

ಹುಡುಗಿ ಬಂದದ್ದು ಅದಾಗಿ ಎಂಟೋ ಒಂಬತ್ತೋ ದಿನಕ್ಕೆ, ಒಂದು ಸೋಮವಾರ. ಕ್ಲಿನಿಕ್ಕಿನಲ್ಲಿ ರಜೆ ಕೊಟ್ಟಿರಲಿಲ್ಲ, ಹಾಗಾಗಿ ಆ ವಾರ ಬರಲಾಗಿರಲಿಲ್ಲ.

“ಮೇಲ್ ಬಂತಾ ಅಕ್ಕ?”

“ಇಲ್ಲಮ್ಮ. ಇನ್ನೊಂದು ಸುಳ್ಳುಗಂಟು ಬಂದಿತ್ತು, ಬಿಸಾಕ್ದೆ,” ಅಂದೆ. ಯಾರದೋ ಜೆರಾಕ್ಸ್ ತೆಗೆಯುತ್ತಿದ್ದೆ, ತಲೆ ಕೂಡ ಎತ್ತಲಿಲ್ಲ.

“ಒಂದ್ಸಲ ನೋಡ್ಬೋದಾ ಅಕ್ಕ?”

“ನೋಡಾಕೆ ಏನೈತೆ ಅದ್ರಾಗೆ? ನಂಗೊತ್ತಾಗಲ್ವಾ?” ನನ್ನ ದನಿ ಬಿರುಸಾಗಿಯೇ ಇತ್ತು. ಅವಳು ಚೀಲ ಹೆಗಲಿಗೇರಿಸಿಕೊಂಡಳು.

ಬೆಂಚಿನ ಮೇಲಿದ್ದ ಅತ್ತೆ ನನ್ನ ಕಡೆ ತಿರುಗಿದರು. “ಅಲ್ಲ ಕಣೆ, ಅವ್ಳ ಹೆಸ್ರಿಗೆ ಬಂದಿದ್ನ ಅವ್ಳಿಗೆ ತೋರ್ಸದೆ ನೀನ್ಯಾಕೆ ಬಿಸಾಕ್ದೆ? ಸುಳ್ಳೋ ನಿಜಾನೋ, ಅದು ಅವ್ಳ ಕಾಗ್ದ. ತೆಗ್ದು ಕೊಡು.”

ಗಿರಾಕಿಗಳ ಮುಂದೆ ಹಾಗೆ ಅಂದದ್ದಕ್ಕೆ ನನಗೆ ರೇಗಿತು. ಆದರೂ ಕೂತು ಸ್ಪ್ಯಾಮ್ ಪೆಟ್ಟಿಗೆ ತೆರೆದೆ. ನೂರಾರು ಕಸದ ನಡುವೆ ಅದು ಸಿಕ್ಕಿತು. ತೋರಿಸಿ ಬಾಯಿ ಮುಚ್ಚಿಸೋಣ ಎಂದು ಜೋರಾಗಿ ಓದಲು ಶುರು ಮಾಡಿದೆ.

ಮೊದಲ ಸಾಲಿನಲ್ಲೇ ಅವಳ ಹೆಸರಿತ್ತು. ಎರಡನೆಯ ಸಾಲಿನಲ್ಲಿ ಅವಳ ಅರ್ಜಿಯ ನಂಬರು. ನವಜಾತ ಶಿಶುಗಳ ವಾರ್ಡಿಗೆ ಆಯ್ಕೆಯಾಗಿದ್ದೀರಿ, ಮೂಲ ಅಂಕಪಟ್ಟಿಗಳೊಂದಿಗೆ ಶುಕ್ರವಾರದೊಳಗೆ ಹಾಜರಾಗಿ ಎಂದಿತ್ತು. ಒಟಿಪಿ ಕೇಳಿರಲಿಲ್ಲ, ಪಾಸ್‌ವರ್ಡ್ ಕೇಳಿರಲಿಲ್ಲ. ಬರುವುದು ಯಾವಾಗ ಎಂದು ತಿಳಿಸಲು ಆ ಲಿಂಕ್ ಕೊಟ್ಟಿದ್ದರು, ಅಷ್ಟೇ. ಓದುತ್ತಿದ್ದ ನನ್ನ ದನಿ ತಾನಾಗಿಯೇ ಸಣ್ಣದಾಯಿತು.

ಅವಳು ಚೀಲದಿಂದ ಅದೇ ಇಂಟರ್‌ವ್ಯೂ ಚೀಟಿ ತೆಗೆದು ನನ್ನ ಮುಂದಿಟ್ಟಳು. ನಾನು ನಂಬರು ಒತ್ತಿದೆ. ಎರಡು ಸಲ ತಪ್ಪಾಗಿ ಒತ್ತಿದೆ.

“ಹೌದು ಮೇಡಂ, ಆ ಮೇಲ್ ನಮ್ದೇ. ಕೆಲ್ಸಕ್ಕೆ ತಗಳೋದನ್ನ ಈಗ ಹೊರಗಿನ ಕಂಪನಿಗೆ ಕೊಟ್ಟೀವಿ, ಅವರ ಹೆಸ್ರಲ್ಲಿ ಬಂದಿರ್ತೈತೆ,” ಎಂದರು ಅದೇ ಹೆಣ್ಣುಮಗಳು. “ಶುಕ್ರವಾರದ ತನ ಕಾದ್ವಿ. ಬರಲಿಲ್ವಲ್ಲ, ಶನಿವಾರ ಲಿಸ್ಟಲ್ಲಿ ಅವರಾದ ಮೇಲೆ ಇದ್ದವರನ್ನ ತಗಂಡಾಯ್ತು.”

ತಪ್ಪು ನಮ್ಮದಲ್ಲ, ಅಂದರೆ ಆ ಹುಡುಗಿಯದಲ್ಲ, ನನ್ನದು, ಕಾಗದ ನನ್ನ ಹತ್ತಿರ ಬಂದಿತ್ತು, ನಾನು ಕೊಡಲಿಲ್ಲ ಎಂದೆಲ್ಲ ಬೇಡಿಕೊಂಡೆ. ಆಕೆ ಮರುಕದಿಂದಲೇ ಮಾತಾಡಿದರು. ಇನ್ನೊಂದು ಸಲ ಕರೆದಾಗ ಅರ್ಜಿ ಹಾಕಲು ಹೇಳಿ ಎಂದು ಫೋನ್ ಇಟ್ಟರು.

ನಾನು ಹುಡುಗಿಯ ಮುಖ ನೋಡಲಾರದೆ ಕೀಬೋರ್ಡ್ ನೋಡುತ್ತ ಕೂತೆ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಅದನ್ನ ಒಂದು ಪ್ರಿಂಟ್ ತೆಗ್ದು ಕೊಡ್ರಿ ಅಕ್ಕ,” ಅಂದಳು. ತೆಗೆದು ಕೊಟ್ಟೆ. ನಿಂತಲ್ಲೇ ಒಂದು ಸಲ ಪೂರ್ತಿ ಓದಿಕೊಂಡಳು. ಮಡಿಚಿ ಅಂಕಪಟ್ಟಿಗಳ ಕವರಿನೊಳಗೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಅತ್ತೆ ಅವತ್ತು ಊಟಕ್ಕೆ ಕೂತಾಗಲೂ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಎಷ್ಟೋ ದಿನ ಆ ಎರಡು ಮೇಲ್‌ಗಳನ್ನು ಪರದೆಯ ಮೇಲೆ ಪಕ್ಕಪಕ್ಕ ತೆರೆದಿಟ್ಟುಕೊಂಡು ನೋಡುತ್ತಿದ್ದೆ. ಎಲ್ಲಿ ಎಡವಿದೆ ಎಂದು ತಿಳಿಯದೆ ಮನಸ್ಸು ಬಿಡುತ್ತಿರಲಿಲ್ಲ. ಎರಡರಲ್ಲೂ ಅವಸರವಿತ್ತು, ಎರಡರಲ್ಲೂ ಲಿಂಕಿತ್ತು, ಎರಡರ ವಿಳಾಸವೂ ಆಸ್ಪತ್ರೆಯದಲ್ಲ. ನಿಜವಾದದ್ದರಲ್ಲಿ ಅವಳ ಹೆಸರಿತ್ತು ಅನ್ನಬಹುದು. ಆದರೆ ಹೆಸರು ತಿಳಿದುಕೊಂಡು ಬರೆಯುವ ಕಳ್ಳರನ್ನೂ ನಾನು ನೋಡಿದ್ದೆ. ಒಟಿಪಿ ಕೇಳಿದರೆ ಸುಳ್ಳು ಎಂದು ಹೇಳಿಬಿಡಬಹುದು, ಕೇಳದಿದ್ದರೆ ನಿಜ ಎಂದು ಹೇಳಲು ಬರುವುದಿಲ್ಲ. ಎಷ್ಟು ನೋಡಿದರೂ ಕೊನೆಗೆ ಒಂದೇ ವ್ಯತ್ಯಾಸ ಕಾಣುತ್ತಿತ್ತು. ಮೊದಲನೆಯದಕ್ಕೆ ನಾನು ಫೋನ್ ಮಾಡಿ ಕೇಳಿದ್ದೆ, ಎರಡನೆಯದಕ್ಕೆ ಕೇಳಿರಲಿಲ್ಲ. ವ್ಯತ್ಯಾಸ ಮೇಲ್‌ನಲ್ಲಿರಲಿಲ್ಲ, ನನ್ನಲ್ಲಿತ್ತು. ಇದನ್ನು ಒಪ್ಪಿಕೊಳ್ಳಲು ನನ್ನಂಥ ಗತ್ತಿನವಳಿಗೆ ಸುಲಭವಾಗಲಿಲ್ಲ.

ಎರಡು ತಿಂಗಳು ಆ ಹುಡುಗಿ ಈ ಕಡೆ ಸುಳಿಯಲಿಲ್ಲ. ಇನ್ನು ಬರುವುದಿಲ್ಲ ಎಂದೇ ತಿಳಿದಿದ್ದೆ. ಒಂದು ದಿನ ಹನ್ನೊಂದರ ಬಸ್ಸಿಗೆ ಇಳಿದು ನೇರವಾಗಿ ಅಂಗಡಿಗೇ ಬಂದಳು. ಚನ್ನಗಿರಿಯ ಆಸ್ಪತ್ರೆಯೊಂದರಲ್ಲಿ ಹೆರಿಗೆ ವಾರ್ಡಿಗೆ ನರ್ಸ್ ಬೇಕಂತೆ ಎಂದು ಪೇಪರಿನ ತುಂಡು ತೋರಿಸಿದಳು. ಬೇರೆ ಅಂಗಡಿಗಳಿದ್ದರೂ ನನ್ನ ಹತ್ತಿರವೇ ಬಂದಿದ್ದಳು. ಅತ್ತೆ ಎದ್ದು ಒಳಗಿನಿಂದ ನೀರು ತಂದು ಕೊಟ್ಟರು.

ಅರ್ಜಿ ತೆರೆದು ಹೆಸರು, ಊರು, ಓದು ಎಲ್ಲ ತುಂಬಿದೆ. ಕೆಂಪು ಚುಕ್ಕಿಯ ಜಾಗ ಬಂದಾಗ ನನ್ನ ಬೆರಳುಗಳು ರೂಢಿಯ ಪ್ರಕಾರ ನನ್ನ ವಿಳಾಸ ಬರೆಯಲು ಶುರು ಮಾಡಿದವು. ಎರಡಕ್ಷರ ಬರೆದು ನಿಂತೆ.

“ನಂದೇ ಒಂದು ಇಮೇಲ್ ಮಾಡ್ಕೊಡ್ರಿ ಅಕ್ಕ,” ಅಂದಳು ಹುಡುಗಿ. “ನನ್ನ ಫೋನಿಗೇ ಬರಬೇಕು.”

ಮಾಡಿಕೊಡಲು ಕೂತೆ. ಅವಳದೇ ಫೋನ್ ನಂಬರು ಹಾಕಿದೆ. ಬಂದ ಮೇಲ್ ಯಾರದು ಎಂದು ಎಲ್ಲಿ ನೋಡಬೇಕು, ಲಿಂಕಿನ ಮೇಲೆ ಒತ್ತುವ ಮೊದಲು ಏನು ಮಾಡಬೇಕು, ಅನುಮಾನ ಬಂದರೆ ಮೇಲ್‌ನಲ್ಲಿರುವ ನಂಬರಿಗಲ್ಲ, ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಬೇಕು, ಇಲ್ಲದಿದ್ದರೆ ಬಸ್ ಹತ್ತಿ ಹೋಗಿಯೇ ಕೇಳಬೇಕು ಎಂದು ಹೇಳಿದೆ. ಸ್ಪ್ಯಾಮ್ ಪೆಟ್ಟಿಗೆಯನ್ನೂ ಆಗಾಗ ತೆಗೆದು ನೋಡು ಅಂದೆ. “ಪಾಸ್‌ವರ್ಡನ್ನ ಯಾರಿಗೂ ಹೇಳ್ಬಾರ್ದು. ಬ್ಯಾಂಕಿನೋರು ಅಂತ ಕೇಳ್ಲಿ, ಪೊಲೀಸ್ನೋರು ಅಂತ ಕೇಳ್ಲಿ, ಮನೆಯೋರೇ ಕೇಳ್ಲಿ. ತಿಳೀತಾ?”

“ತಿಳೀತು ಅಕ್ಕ.”

ಪರದೆಯ ಮೇಲೆ ಪಾಸ್‌ವರ್ಡ್ ಕೇಳಿತು. ನಾನು ಕೀಬೋರ್ಡಿನ ಮೇಲೆ ಕೈಯಿಟ್ಟು, “ಹೇಳು, ಏನಂತ ಹಾಕ್ಲಿ?” ಅಂದೆ.

ಹುಡುಗಿ ಬೆಂಚಿನಿಂದ ಎದ್ದು ಬಂದು ಕೀಬೋರ್ಡನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. “ನೀವು ಸ್ವಲ್ಪ ಆ ಕಡೆ ತಿರುಗ್ರಿ ಅಕ್ಕ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಗೌರವವೇ ಇತ್ತು.

ನನ್ನ ಅಂಗಡಿಯಲ್ಲೇ ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಹಿಂದೆ ಕೀಗಳ ಸದ್ದು ಒಂದು ಸಲ ಕೇಳಿ ನಿಂತಿತು. ಎರಡನೆಯ ಸಲ ಅದನ್ನೇ ಬರೆಯಬೇಕಲ್ಲ, ನಿಧಾನವಾಗಿ, ಒಂದೊಂದೇ ಅಕ್ಷರ ನೆನಪು ಮಾಡಿಕೊಂಡು ಬರೆಯುತ್ತಿದ್ದಳು. ಏನು ಬರೆದಿರಬಹುದು ಎಂದು ತಿಳಿಯುವ ಆಸೆ ನನಗೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

“ಆಯ್ತು ಅಕ್ಕ, ಈಗ ತಿರುಗ್ರಿ,” ಅಂದಳು.

ನಾನು ತಕ್ಷಣ ತಿರುಗಲಿಲ್ಲ. ಮೊದಲು ಕಣ್ಣೊರೆಸಿಕೊಳ್ಳಬೇಕಿತ್ತು.